ಎರಡು ಬಾಟಲಿ, ಒಂದು ಡಬ್ಬಿ

ನಮ್ಮಪ್ಪ ಹೋಗುವಾಗ ಅಕ್ಕ ತಂಗಿ ನಮ್ಮಿಬ್ಬರಿಗೆ ಎರಡು ಆಸ್ತಿ ಬಿಟ್ಟು ಹೋದ. ಒಂದು ಬೈಂಡಿಂಗ್ ಅಂಗಡಿ, ಇನ್ನೊಂದು ಉಬ್ಬಸ. ಸಮಪಾಲು ಮಾಡಿಕೊಳ್ಳಿ ಅಂತ ಅಪ್ಪ ಹೇಳಿರಲಿಲ್ಲ, ಆದರೂ ಹೆಚ್ಚುಕಮ್ಮಿ ಹಾಗೇ ಆಯಿತು. ಅಂಗಡಿಯಲ್ಲಿ ಹೊಲಿಗೆ ಅಕ್ಕನ ಪಾಲಿಗೆ ಬಂತು, ಹಾಳೆ ಮಡಿಚುವುದು, ಅಂಟು ಹಚ್ಚುವುದು, ಗಿರಾಕಿಗಳ ಜೊತೆ ಜಗಳ ಆಡುವುದು ನನ್ನ ಪಾಲಿಗೆ. ಉಬ್ಬಸದಲ್ಲಿ ಮಾತ್ರ ಅಕ್ಕನಿಗೆ ಒಂದು ಹಿಡಿ ಜಾಸ್ತಿಯೇ ಸಿಕ್ಕಿತು. ಹಿರಿಯಳಲ್ಲವೇ.

ಅಂಗಡಿ ಇರುವುದು ನೆಲಮಾಳಿಗೆಯಲ್ಲಿ. ಬೀದಿಯಿಂದ ಒಂಬತ್ತು ಮೆಟ್ಟಿಲು ಇಳಿಯಬೇಕು. ಗೋಡೆಯ ತುದಿಯಲ್ಲಿ ಅಡ್ಡಕ್ಕೆ ಒಂದು ಉದ್ದನೆಯ ಕಿಟಕಿ ಇದೆ, ಅದರಲ್ಲಿ ಕಾಣುವುದು ಹೋಗಿಬರುವವರ ಕಾಲು ಮಾತ್ರ. ಮೂವತ್ತು ವರ್ಷ ನೋಡಿ ನೋಡಿ, ಚಪ್ಪಲಿ ಕಂಡರೆ ಯಾರೆಂದು ಹೇಳುತ್ತೇವೆ. ಅದೇ ಮನುಷ್ಯ ಎದುರು ನಿಂತು ಮುಖ ತೋರಿಸಿದರೆ ಗೊತ್ತಾಗುವುದಿಲ್ಲ. ಬಿಸಿಲು ಆ ಕಿಟಕಿಯವರೆಗೆ ಬಂದು ಅಲ್ಲೇ ವಾಪಸ್ ಹೋಗುತ್ತದೆ. ನಾವು ಬೆಳಿಗ್ಗೆ ಎಂಟಕ್ಕೆ ಇಳಿದರೆ ಹತ್ತುವುದು ಸಂಜೆ ಆರಕ್ಕೆ.

ಅಕ್ಕನ ಹೊಲಿಗೆಯ ಬಗ್ಗೆ ಹೇಳಲೇಬೇಕು. ಅವಳು ಹೊಲಿದ ಪುಸ್ತಕವನ್ನು ಎಲ್ಲಿ ಬೇಕಾದರೂ ತೆರೆಯಿರಿ, ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುತ್ತದೆ, ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ದೊಡ್ಡ ಹಾಳೆಯನ್ನು ಮಡಿಚಿ ಹದಿನಾರು ಪುಟದ ಕಂತೆ ಮಾಡುತ್ತೇವೆ, ಅದಕ್ಕೆ ಫಾರಂ ಅನ್ನುತ್ತೇವೆ. ಫಾರಂಗಳನ್ನು ಒಂದರ ಮೇಲೊಂದು ಇಟ್ಟು ಬೆನ್ನಿಗೆ ದಾರ ಹಾಕುವುದು ಅಕ್ಕ. ಒಮ್ಮೆ ನಾನು ಒಂದು ಫಾರಂ ಹಿಂದುಮುಂದು ಇಟ್ಟಿದ್ದೆ. ಗಿರಾಕಿಯೇ "ಇರಲಿ ಬಿಡಿ, ಅಷ್ಟು ದೂರ ಯಾರು ಓದ್ತಾರೆ" ಅಂದ. ಅಕ್ಕ ಕೇಳಲಿಲ್ಲ, ಹೊಲಿದು ಮುಗಿಸಿದ್ದ ನೂರಿಪ್ಪತ್ತು ಪುಸ್ತಕವನ್ನೂ ಬಿಚ್ಚಿದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ ಮೂರು ದಿನ ಅವಳ ಜೊತೆ ಮಾತು ಬಿಟ್ಟೆ. ಅವಳು ಅದನ್ನು ಗಮನಿಸಲೂ ಇಲ್ಲ.

ಇಂಥವಳಿಗೆ ಒಂದು ಚಳಿಗಾಲದಲ್ಲಿ ಎರಡು ಸಲ ಉಸಿರು ಕಟ್ಟಿತು. ಎರಡನೇ ಸಲ ಮೆಟ್ಟಿಲು ಹತ್ತಿಸಲು ಮೇಲಿನ ಬೀಗ ರಿಪೇರಿಯವನೂ ನಾನೂ ಅವಳನ್ನು ಕುರ್ಚಿಯ ಸಮೇತ ಎತ್ತಬೇಕಾಯಿತು. ತುಟಿ ನೀಲಿಯಾಗಿತ್ತು. ಆರು ದಿನ ಆಸ್ಪತ್ರೆಯಲ್ಲಿದ್ದು ಬಂದಳು. ಹೊರಡುವ ದಿನ ಎದೆಯ ಡಾಕ್ಟರಮ್ಮ ಕಡ್ಡಿ ಮುರಿದ ಹಾಗೆ ಹೇಳಿದರು: "ಇನ್ನೊಂದ್ಸಲ ಹೀಗೆ ಜೋರಾಗಿ ಬಂದ್ರೆ, ಆ ನೆಲಮಾಳಿಗೆ, ಆ ಪೇಪರ್ ಧೂಳು ಎಲ್ಲ ಮರೆತುಬಿಡಿ. ಕೆಲಸಾನೇ ಬಿಡ್ಬೇಕಾಗುತ್ತೆ."

ಅಕ್ಕ ತಲೆ ಆಡಿಸಿದಳು. ಮನೆಗೆ ಬಂದು ತನ್ನ ಎರಡೂ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡುತ್ತ ಕುಳಿತಳು. ಮದುವೆ ಬೇಡ ಅಂದವಳು, ಊರೂರು ಸುತ್ತುವ ಆಸೆ ಇಲ್ಲದವಳು, ಟಿವಿಯ ಎದುರು ಹತ್ತು ನಿಮಿಷಕ್ಕೆ ತೂಕಡಿಸುವವಳು. ಹೊಲಿಗೆ ಕಿತ್ತುಕೊಂಡರೆ ಅವಳ ಹತ್ತಿರ ಇನ್ನೇನು ಉಳಿಯುತ್ತದೆ?

ಅದೇ ಡಾಕ್ಟರಮ್ಮ ಆಗ ಒಂದು ಅಧ್ಯಯನ ಶುರು ಮಾಡಿದ್ದರು. ಉಬ್ಬಸ ಇರುವವರಿಗೆ ದಿನಾ ಒಂದು ವಿಟಮಿನ್ ಡಿ ಗುಳಿಗೆ ಕೊಟ್ಟರೆ ಹೀಗೆ ಜೋರಾಗಿ ಬರುವುದು ಕಮ್ಮಿಯಾಗುತ್ತದೋ ಇಲ್ಲವೋ ನೋಡುವುದು. ಒಂದು ವರ್ಷ. ಅರ್ಧ ಜನಕ್ಕೆ ನಿಜವಾದ ಗುಳಿಗೆ, ಇನ್ನರ್ಧ ಜನಕ್ಕೆ ನೋಡಲು ಥೇಟ್ ಹಾಗೇ ಇರುವ, ಒಳಗೆ ಬರೀ ಎಣ್ಣೆ ತುಂಬಿದ ಗುಳಿಗೆ. ಯಾರಿಗೆ ಯಾವುದು ಅಂತ ಕಂಪ್ಯೂಟರ್ ಚೀಟಿ ಎತ್ತುತ್ತದೆ. ನಮಗೂ ಗೊತ್ತಿರುವುದಿಲ್ಲ, ಡಾಕ್ಟರಮ್ಮನಿಗೂ ಗೊತ್ತಿರುವುದಿಲ್ಲ. ನಮ್ಮ ರಕ್ತ ನೋಡಿ ಅವರು ನಕ್ಕರು: "ವಿಟಮಿನ್ ಡಿ ಕಮ್ಮಿನೇ ಇದೆ, ತೀರಾ ಕೆಟ್ಟದಾಗೇನಿಲ್ಲ. ಇಬ್ರೂ ಬಿಸಿಲು ಅನ್ನೋದನ್ನ ಕೇಳಿ ಮಾತ್ರ ಗೊತ್ತಾ?"

ಇಬ್ಬರೂ ಸೇರಿಕೊಂಡೆವು. ತಿಂಗಳಿಗೊಮ್ಮೆ ಹೋಗಬೇಕು. ಅಲ್ಲೊಬ್ಬ ಸಿಸ್ಟರ್ ಇದ್ದರು, ನಾವು ಅವರಿಗೆ ಎಣಿಕೆ ಸಿಸ್ಟರ್ ಅಂತ ಹೆಸರಿಟ್ಟೆವು. ಉಳಿದ ಗುಳಿಗೆಗಳನ್ನು ತಟ್ಟೆಗೆ ಸುರಿದು, ಎರಡೆರಡು ಮಾಡಿ ಎಣಿಸಿ, ಬರೆದುಕೊಂಡು, ಹೊಸ ಬಾಟಲಿ ಕೊಡುತ್ತಿದ್ದರು. ಅವರು ಮೊದಲ ದಿನವೇ ಅಕ್ಕನಿಗೆ "ನಿಮ್ಮ ಉಬ್ಬಸದ ಪಂಪ್ ತಗೊಳ್ಳಿ, ಹೆಂಗೆ ಎಳೀತೀರಿ ತೋರ್ಸಿ" ಅಂದರು. ಅಕ್ಕ ಹನ್ನೆರಡು ವರ್ಷದಿಂದ ಮಾಡುತ್ತಿದ್ದ ಹಾಗೆ ಬಾಯಿಗಿಟ್ಟು ಚುಸ್ಸೆಂದು ಒತ್ತಿದಳು. ಸಿಸ್ಟರ್ ಹಣೆ ಚಚ್ಚಿಕೊಂಡರು. "ಅಮ್ಮಾ, ಹನ್ನೆರಡು ವರ್ಷ ನಿಮ್ಮ ನಾಲಿಗೆಗೆ ಔಷಧಿ ಕೊಟ್ಟಿದ್ದೀರಿ. ನಿಮ್ಮ ನಾಲಿಗೆಗೆ ಉಬ್ಬಸ ಇಲ್ಲ." ಆಮೇಲೆ ಉಸಿರು ಹೊರಗೆ ಬಿಟ್ಟು, ನಿಧಾನ ಎಳೆಯುತ್ತ ಒತ್ತಿ, ಹತ್ತು ಎಣಿಸುವವರೆಗೆ ತಡೆಯುವುದನ್ನು ಕಲಿಸಿದರು. ನನ್ನದೂ ಹಾಗೇ ಇತ್ತು ಅನ್ನುವುದನ್ನು ನಾನು ಬಾಯಿಬಿಡಲಿಲ್ಲ, ನೋಡಿಕೊಂಡು ತಿದ್ದಿಕೊಂಡೆ.

ಬೆಳಿಗ್ಗೆ ಅಂಗಡಿಗೆ ಇಳಿದ ಕೂಡಲೇ ನಮ್ಮ ಕೆಲಸ ಇದು: ಉಸಿರಿನ ಬಲ ಅಳೆಯಲು ಆಸ್ಪತ್ರೆಯವರು ಕೊಟ್ಟ ಕೊಳವೆಗೆ ಜೋರಾಗಿ ಊದಿ, ಮುಳ್ಳು ಎಲ್ಲಿ ನಿಂತಿತು ಅಂತ ಡೈರಿಯಲ್ಲಿ ಬರೆಯುವುದು, ಪಂಪ್ ಎಳೆಯುವುದು, ಚಹಾದ ಜೊತೆ ಗುಳಿಗೆ ನುಂಗುವುದು. ಅಕ್ಕ ಅಷ್ಟು ಹೊತ್ತಿಗೆ ಸೂಜಿಗೆ ದಾರ ಪೋಣಿಸಿಕೊಂಡು ಕುಳಿತಿರುತ್ತಿದ್ದಳು. ಗುಳಿಗೆಯನ್ನು ನಾನೇ ಅವಳ ಅಂಗೈಗೆ ಹಾಕುತ್ತಿದ್ದೆ.

ಇಲ್ಲಿ ನನ್ನ ಕೈ ಮಾಡಿದ ಘನಕಾರ್ಯ ಹೇಳಬೇಕು. ಅಪ್ಪನ ಕಾಲದಿಂದ ಅಂಗಡಿಯಲ್ಲಿ ಒಂದು ಕಟ್ಟಳೆ ಇದೆ. ಅಂಟಿನ ಡಬ್ಬಿ ಅರ್ಧ ಖಾಲಿಯಾದರೆ ಒಳಗಿನ ಗಾಳಿಗೆ ಅಂಟು ಒಣಗುತ್ತದೆ. ಆದ್ದರಿಂದ ಅರ್ಧ ಅರ್ಧ ಇರುವ ಎರಡು ಡಬ್ಬಿ ನಮ್ಮ ಕಪಾಟಿನಲ್ಲಿ ಅಕ್ಕಪಕ್ಕ ನಿಲ್ಲುವ ಹಾಗಿಲ್ಲ, ಒಂದಕ್ಕೆ ಸುರಿದು ಇನ್ನೊಂದನ್ನು ತೊಳೆದಿಡಬೇಕು. ಚಿಕ್ಕವಳಿದ್ದಾಗ ಇದಕ್ಕಾಗಿ ಅಪ್ಪನ ಕೈಯಲ್ಲಿ ಏಟು ತಿಂದಿದ್ದೇನೆ. ಅಂಟಿನಿಂದ ಶುರುವಾದದ್ದು ಮೊಳೆಗೂ ಬಂತು, ಸೂಜಿಗೂ ಬಂತು, ಸಕ್ಕರೆಗೂ ಬಂತು. ಅರ್ಧ ಅರ್ಧ ಇರುವ ಎರಡು ಡಬ್ಬಿ ಕಂಡರೆ ನನ್ನ ತಲೆಯನ್ನು ಕೇಳದೆ ನನ್ನ ಕೈ ಸುರಿದುಬಿಡುತ್ತದೆ. ಮೊದಲ ತಿಂಗಳ ಮೂರನೇ ವಾರ ಕಪಾಟು ಒರೆಸುವಾಗ, ಒಂದೇ ಥರದ ಎರಡು ಬಿಳಿ ಬಾಟಲಿ, ಎರಡರಲ್ಲೂ ಅರ್ಧ ಗುಳಿಗೆ. ಒಂದು ತಗಡಿನ ಡಬ್ಬಿಗೆ ಸುರಿದೆ. ಆಸ್ಪತ್ರೆಗೆ ಹೋಗುವ ದಿನ ಉಳಿದದ್ದನ್ನು ಸಮ ಮಾಡಿ ಎರಡೂ ಬಾಟಲಿಗೆ ತುಂಬಿಕೊಂಡು ಹೋದೆ. ಎಣಿಕೆ ಸಿಸ್ಟರ್ ಎಣಿಸಿದರು, ಲೆಕ್ಕ ಸರಿ ಇತ್ತು. ನಾನು ಎಷ್ಟು ಅಚ್ಚುಕಟ್ಟು ಅಂತ ಹೊಗಳಿದರು. ಹೊಗಳಿದ ಮೇಲೆ ಕೇಳಬೇಕೇ, ಪ್ರತಿ ತಿಂಗಳೂ ಹಾಗೇ ಮಾಡಿದೆ.

ಅಕ್ಕ ಸುಧಾರಿಸಿದಳು. ಮುಳ್ಳು ಇನ್ನೂರ ಅರವತ್ತರಲ್ಲಿ ನಿಲ್ಲುತ್ತಿದ್ದುದು ಮುನ್ನೂರು ದಾಟಿತು, ಮುನ್ನೂರ ನಲವತ್ತಕ್ಕೆ ಹೋಯಿತು. ಒಂಬತ್ತು ಮೆಟ್ಟಿಲನ್ನು ನಿಲ್ಲದೆ ಹತ್ತತೊಡಗಿದಳು. ಹತ್ತಿ ಮೇಲೆ ನಿಂತು, ಬೀಗ ರಿಪೇರಿಯವನಿಗೆ ಕಾಣುವ ಹಾಗೆ, ಇನ್ನೊಮ್ಮೆ ಇಳಿದು ಹತ್ತಿದಳು. ಅವಳ ಜಂಬಕ್ಕೆ ಮಿತಿಯೇ ಇಲ್ಲದಾಯಿತು. ಬಂದವರಿಗೆಲ್ಲ ಗುಳಿಗೆಯ ಗುಣಗಾನ. ಬೀಗದವನು ತನ್ನ ಹೆಂಡತಿಗೆ ವಿಟಮಿನ್ ಡಿ ತಂದುಕೊಟ್ಟ, ಅವನ ಹೆಂಡತಿಗೆ ಇದ್ದದ್ದು ಮಂಡಿನೋವು. ಬೀದಿಯವರು ಅಕ್ಕನನ್ನು ವಿಟಮಿನ್ ಅಕ್ಕ ಅಂತ ಕರೆಯತೊಡಗಿದರು. ನಾನು ಆಡಿಕೊಂಡರೆ, "ನಿಂಗೆ ಹೊಟ್ಟೆಕಿಚ್ಚು, ನಿನ್ ಬಾಟ್ಲೀಲಿ ಎಣ್ಣೆ ಇದೆ ಅನ್ಸುತ್ತೆ" ಅನ್ನುತ್ತಿದ್ದಳು. ನಾನೂ ಸುಧಾರಿಸಿದ್ದೆ, ಅದನ್ನು ಕೇಳುವವರು ಯಾರೂ ಇರಲಿಲ್ಲ.

ಏಳನೇ ತಿಂಗಳು, ಚಳಿ ಇನ್ನೇನು ಶುರುವಾಗುವ ಹೊತ್ತು. ಹೊಸದಾಗಿ ಸೇರಿದವರ ಎದುರು ನಾಲ್ಕು ಮಾತಾಡುತ್ತೀರಾ ಅಂತ ಎಣಿಕೆ ಸಿಸ್ಟರ್ ಅಕ್ಕನನ್ನು ಕೇಳಿದರು. ಅಕ್ಕ ನೆಲದ ಮೇಲಿರಲಿಲ್ಲ. ಮೂರು ವಾರ ಕಳೆದು ಆ ದಿನ ಹತ್ತಿರ ಬಂದಾಗ, ಕೆಲಸದ ಮಧ್ಯೆ ಮಾತಿನ ತಾಲೀಮು ಮಾಡುತ್ತಿದ್ದಳು. ಕೈಯಲ್ಲಿ ಬಾಟಲಿ ಹಿಡಿದು ತೋರಿಸಿದರೆ ಚೆನ್ನಾಗಿರುತ್ತದೆ ಅಂತ ಎದ್ದು ಕಪಾಟಿಗೆ ಹೋದಳು. ತನ್ನ ನಂಬರಿನ ಬಾಟಲಿ ಎತ್ತಿ ಅಲುಗಿಸಿದಳು. ಸದ್ದಿಲ್ಲ. ನನ್ನದನ್ನು ಎತ್ತಿ ಅಲುಗಿಸಿದಳು. ಅದರಲ್ಲೂ ಸದ್ದಿಲ್ಲ.

"ಎರಡೂ ಖಾಲಿ ಇದೆ. ಗುಳಿಗೆ ಎಲ್ಲಿ?"

"ತಗಡಿನ ಡಬ್ಬೀಲಿ," ಅಂದೆ, ಅಂಟು ಕಲಸುತ್ತ.

"ಯಾರದ್ದು?"

"ಇಬ್ರದ್ದೂ. ಅರ್ಧ ಅರ್ಧ ಇತ್ತು, ಸುರಿದೆ."

ಅಕ್ಕ ತಿರುಗಿ ನನ್ನನ್ನು ನೋಡಿದಳು. "ಯಾವಾಗಿಂದ?"

"ಮೊದಲ್ನೇ ತಿಂಗಳಿಂದ." ಹೇಳುತ್ತಿದ್ದಂತೆ ನನ್ನ ಕೈ ನಿಂತಿತು. ಅಲ್ಲಿಯವರೆಗೆ ಅದು ನನ್ನ ತಲೆಗೇ ಹೊಳೆದಿರಲಿಲ್ಲ ಅಂದರೆ ಯಾರೂ ನಂಬುವುದಿಲ್ಲ, ಆದರೆ ಹೊಳೆದಿರಲಿಲ್ಲ. "ಒಂದೇ ಮನೆಯವರಿಗೆ ಒಂದೇ ಥರದ್ದು ಕೊಟ್ಟಿರ್ತಾರೆ ಬಿಡು," ಅಂದೆ.

"ಒಬ್ಬೊಬ್ರಿಗೂ ಬೇರೆ ಬೇರೆ ಚೀಟಿ ಅಂತ ಸಿಸ್ಟರ್ ಹೇಳಿದ್ದು ನೀನೂ ಕೇಳಿದೀಯ."

ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅವಳು ಬೈಯಲಿಲ್ಲ. ತನ್ನ ಜಾಗಕ್ಕೆ ಹೋಗಿ ಕುಳಿತು, ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು. ನಡುಮಧ್ಯಾಹ್ನ ಅವಳು ಸೂಜಿ ಕೆಳಗಿಡುವುದನ್ನು ನಾನು ನೋಡಿದವಳಲ್ಲ.

"ನಾಳೆ ಹೋಗಿ ಹೇಳ್ಬೇಕು," ಅಂದಳು.

ನನಗೆ ಎಲ್ಲಿತ್ತೋ ಸಿಟ್ಟು ಬಂತು. ತಪ್ಪು ನನ್ನದಾದಾಗ ನನಗೆ ಸಿಟ್ಟು ಬೇಗ ಬರುತ್ತದೆ. "ಯಾಕೆ ಹೇಳ್ಬೇಕು? ಲೆಕ್ಕ ಸರಿ ಇದೆ. ಏಳು ತಿಂಗಳಿಂದ ಯಾರಿಗೂ ಗೊತ್ತಾಗಿಲ್ಲ, ಇನ್ನೈದು ತಿಂಗಳೂ ಗೊತ್ತಾಗಲ್ಲ. ಹೇಳಿದ್ರೆ ಏನಾಗುತ್ತೆ ಗೊತ್ತಾ? ಗುಳಿಗೆ ನಿಲ್ಲಿಸ್ತಾರೆ. ಚಳಿ ಬರ್ತಿದೆ. ಹೋದ ಚಳೀಲಿ ನಿನ್ನ ಕುರ್ಚಿ ಸಮೇತ ಎತ್ಕೊಂಡು ಹೋದವಳು ನಾನು. ಇನ್ನೊಂದ್ಸಲ ಬಂದ್ರೆ ಅಂಗಡಿ ಬಾಗಿಲು ಹಾಕೋದೇ."

"ಗೊತ್ತು."

"ಗೊತ್ತಿದ್ದೂ ಹೇಳ್ತೀಯಾ?"

"ಅವರು ಒಂದು ಪುಸ್ತಕ ಮಾಡ್ತಿದಾರೆ. ಅದ್ರಲ್ಲಿ ನಾವಿಬ್ರು ಎರಡು ಫಾರಂ. ಎರಡೂ ಕಲಸಿಹೋಗಿದೆ ಅಂತ ನಮಗೆ ಮಾತ್ರ ಗೊತ್ತು. ಗೊತ್ತಿದ್ದೂ ಹೊಲಿಯೋಕೆ ಬಿಡ್ಲಾ?" ಮತ್ತೆ ಹೇಳಿದಳು, "ನಂಗೂ ಭಯ ಇದೆ ಕಣೇ. ಇಲ್ಲ ಅಂದ್ಕೋಬೇಡ. ಆ ಗುಳಿಗೇನೇ ನನ್ನ ಕೂರಿಸಿರೋದು ಇಲ್ಲಿ ಅಂತ ನನ್ ನಂಬಿಕೆ."

ಅವಳ ಬೆರಳು ಮೇಜಿನ ಮೇಲೆ ಏನನ್ನೋ ಹುಡುಕುತ್ತಿತ್ತು. ಏನು ಬೇಕು ಅಂದೆ. ದಾರ ಅಂದಳು. ದಾರ ಅವಳ ತೊಡೆಯ ಮೇಲೇ ಇತ್ತು.

ಮಾರನೇ ದಿನ ಬೆಳಿಗ್ಗೆ ಡಾಕ್ಟರಮ್ಮನ ಕೋಣೆಯಲ್ಲಿ ಅಕ್ಕ ಕುರ್ಚಿಯ ತುದಿಯಲ್ಲಿ ಕುಳಿತು, ತಗಡಿನ ಡಬ್ಬಿಯನ್ನೂ ಎರಡು ಖಾಲಿ ಬಾಟಲಿಯನ್ನೂ ಮೇಜಿನ ಮೇಲಿಟ್ಟಳು. "ನಮ್ಮಿಂದ ತಪ್ಪಾಗಿದೆ. ನಾವು ಎರಡನ್ನೂ ಬೆರೆಸಿಬಿಟ್ವಿ, ಮೊದಲ್ನೇ ತಿಂಗಳಿಂದಾನೂ," ಅಂದಳು. ನಾವು ಅಂದಳು. ಎರಡು ಸಲ ಅಂದಳು. ಮೂರನೇ ಸಲಕ್ಕೆ ನನಗೆ ತಡೆಯಲಾಗಲಿಲ್ಲ.

"ಸುರಿದಿದ್ದು ನಾನು ಡಾಕ್ಟರೇ. ಇವಳಿಗೆ ನಿನ್ನೆವರೆಗೂ ಗೊತ್ತಿರ್ಲಿಲ್ಲ. ಇವಳ ಕೈ ಸೂಜೀಲಿ ಇರುತ್ತೆ, ಗುಳಿಗೆ ಹಾಕ್ತಿದ್ದೋಳು ನಾನು," ಅಂದೆ. ಬಾಗಿಲ ಹತ್ತಿರ ಎಣಿಕೆ ಸಿಸ್ಟರ್ ನಿಂತಿದ್ದರು, ಅವರ ಮುಖ ಸಣ್ಣದಾಯಿತು. ಏಳು ತಿಂಗಳು ಎರಡೆರಡು ಮಾಡಿ ಎಣಿಸಿದವರು ಪಾಪ.

ಡಾಕ್ಟರಮ್ಮ ಡಬ್ಬಿಯ ಮುಚ್ಚಳ ತೆಗೆದು ನೋಡಿದರು, ಮುಚ್ಚಿದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಯಾಕೆ ಸುರಿದೆ ಅಂತ ಕೇಳಿದರು. ನಾನು ಅಂಟಿನ ಕಟ್ಟಳೆ ಹೇಳಿದೆ. ಅವರು ಅದನ್ನು ಪೂರ್ತಿ ಕೇಳಿಸಿಕೊಂಡು, "ಇದು ನಮ್ಮ ಯಾವ ಫಾರಂನಲ್ಲೂ ಬರೆದಿರಲಿಲ್ಲ ನೋಡಿ," ಅಂದರು. ಆಮೇಲೆ ಆಗುವುದನ್ನು ಹೇಳಿದರು. ಬೆರೆತ ಗುಳಿಗೆ ಇನ್ನು ನಾವು ನುಂಗುವಂತಿಲ್ಲ, ಹೊಸದನ್ನೂ ಕೊಡುವಂತಿಲ್ಲ. ನಮ್ಮನ್ನು ಹೊರಗೆ ಹಾಕುವುದಿಲ್ಲ. ಡೈರಿ, ಊದುವುದು, ತಿಂಗಳ ತಪಾಸಣೆ ವರ್ಷದ ಕೊನೆಯವರೆಗೆ ಇರುತ್ತದೆ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತಾರೆ.

"ಇನ್ನೊಂದು ಹೇಳ್ತೀನಿ," ಅಂದರು ಅಕ್ಕನ ಕಡೆ ತಿರುಗಿ. "ನೀವು ಬೇಕಾದ್ರೆ ಅಧ್ಯಯನ ಬಿಟ್ಟು, ಔಷಧಿ ಅಂಗಡೀಲೇ ವಿಟಮಿನ್ ಡಿ ತಗೊಂಡು ನುಂಗಬಹುದು. ಎಷ್ಟು ಅಂತ ನಾನೇ ಬರೆದುಕೊಡ್ತೀನಿ. ನಿಮ್ಮ ಆರೋಗ್ಯ ಮೊದಲು. ಯಾರೂ ಏನೂ ಅನ್ನಲ್ಲ."

ನಾನು ಮೇಜಿನ ಕೆಳಗೆ ಅಕ್ಕನ ಕಾಲನ್ನು ಒತ್ತಿದೆ. ಹೂಂ ಅನ್ನು ಅಂತ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಗುಳಿಗೆ ಇಲ್ದೇನೂ ನಾನು ಇದ್ರಲ್ಲೇ ಇದ್ರೆ ನಿಮ್ಗೇನಾದ್ರೂ ಗೊತ್ತಾಗುತ್ತಾ?"

"ಸ್ವಲ್ಪ ಗೊತ್ತಾಗುತ್ತೆ. ಪಂಪ್ ಮಾತ್ರ ಒಂದು ದಿನಾನೂ ಬಿಡಬಾರದು. ಕಷ್ಟ ಅನ್ಸಿದ ತಕ್ಷಣ ಇಲ್ಲಿಗೆ ಬರಬೇಕು."

"ಹಾಗಾದ್ರೆ ವರ್ಷ ಮುಗಿಯೋವರೆಗೂ ಇರ್ತೀನಿ," ಅಂದಳು ಅಕ್ಕ.

ಹೊರಗೆ ಬಂದ ಮೇಲೆ ನಾನು ಅವಳಿಗೆ ಬಾಯಿಗೆ ಬಂದ ಹಾಗೆ ಅಂದೆ. ಹಟಮಾರಿ ಅಂದೆ, ಹುಚ್ಚಿ ಅಂದೆ, ಯಾರಿಗೆ ಈ ದೊಡ್ಡಸ್ತಿಕೆ ತೋರಿಸ್ತೀಯ ಅಂದೆ. ಅವಳು ರಸ್ತೆ ದಾಟುವಾಗ ನನ್ನ ಕೈ ಹಿಡಿದುಕೊಂಡಳು. ದಾಟಿದ ಮೇಲೂ ಬಿಡಲಿಲ್ಲ.

ಆ ಚಳಿಗಾಲ ನನ್ನ ಜೀವ ಕೈಯಲ್ಲಿ ಹಿಡಿದು ಕಳೆದೆ. ಬೆಳಿಗ್ಗೆ ಅವಳು ಕೊಳವೆಗೆ ಊದುವಾಗ ನಾನು ಹಾಳೆ ಮಡಿಚುವ ನೆಪದಲ್ಲಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ, ಮುಳ್ಳು ಎಲ್ಲಿ ನಿಂತಿತು ಅಂತ ಅವಳು ಹೇಳುವವರೆಗೆ ನಾನೂ ಉಸಿರು ಬಿಡುತ್ತಿರಲಿಲ್ಲ. ಮುನ್ನೂರ ಮೂವತ್ತು. ಮುನ್ನೂರ ನಲವತ್ತು. ಮುನ್ನೂರ ಇಪ್ಪತ್ತು. ಅಂಗಡಿಯಲ್ಲೂ ಸುಮ್ಮನಿರಲಿಲ್ಲ. ಹಾಳೆ ಕತ್ತರಿಸುವ ಯಂತ್ರವನ್ನು ಹಿಂದಿನ ಕೋಣೆಗೆ ತಳ್ಳಿದೆ. ಒಣ ಪೊರಕೆ ಎಸೆದು ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದೆ. ಅಕ್ಕನ ಮೂಗಿಗೆ ಮುಖಗವಸು ಕಟ್ಟಿದೆ, ಮೂಗು ತುರಿಸುತ್ತದೆ ಅಂತ ಅವಳು ಗೊಣಗಿದರೆ ಕೇಳಿಸದವಳ ಹಾಗೆ ಇದ್ದೆ.

ಒಂದು ಬೆಳಿಗ್ಗೆ ಮುಳ್ಳು ಇನ್ನೂರ ಮೂವತ್ತರಲ್ಲಿ ನಿಂತಿತು. ಅವಳಿಗೆ ನೆಗಡಿಯಾಗಿತ್ತು. ಎದೆಯಲ್ಲಿ ಸಣ್ಣಗೆ ಸೀಟಿಯ ಸದ್ದು ಬರುತ್ತಿತ್ತು. ನಾನು ಆಗಲೇ ಅರ್ಧ ಮೆಟ್ಟಿಲು ಹತ್ತಿ ಬೀಗದವನನ್ನು ಕೂಗಿಯಾಗಿತ್ತು. ಅಕ್ಕ ಕೈ ಎತ್ತಿ ತಡೆ ಅಂದಳು. ಉಸಿರು ಕಟ್ಟಿದಾಗ ಮಾತ್ರ ಎಳೆಯುವ ಅವಸರದ ಪಂಪ್ ತೆಗೆದುಕೊಂಡಳು. ಉಸಿರು ಹೊರಗೆ ಬಿಟ್ಟು, ನಿಧಾನ ಎಳೆದು, ತಡೆದು, ಬೆರಳಲ್ಲಿ ಹತ್ತು ಎಣಿಸಿದಳು. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ. ಇಪ್ಪತ್ತು ನಿಮಿಷದಲ್ಲಿ ಮುಳ್ಳು ಮುನ್ನೂರಕ್ಕೆ ಬಂತು. ಆದರೂ ನಾನು ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಎದೆಗೆ ಕಿವಿಕೊಟ್ಟು, ಸರಿಯಾಗಿ ಮಾಡಿದ್ದೀರಿ ಅಂತ ಮನೆಗೆ ಕಳಿಸಿದರು. ಅಕ್ಕ ಮನೆಗೆ ಹೋಗಲಿಲ್ಲ, ಅಂಗಡಿಗೆ ಬಂದು ಅರ್ಧಕ್ಕೆ ನಿಂತಿದ್ದ ಹೊಲಿಗೆ ಮುಗಿಸಿದಳು. ಆ ಚಳಿಯಲ್ಲಿ ಅದಕ್ಕಿಂತ ಜೋರಾಗಿ ಬರಲೇ ಇಲ್ಲ.

ವರ್ಷ ಮುಗಿದು, ಲೆಕ್ಕಾಚಾರ ಮುಗಿದು, ಭಾಗವಹಿಸಿದ ಎಲ್ಲರನ್ನೂ ಆಸ್ಪತ್ರೆಯ ಸಭಾಂಗಣಕ್ಕೆ ಕರೆದರು. ನೂರೈವತ್ತು ಜನರಾದರೂ ಇದ್ದರು. ಅಷ್ಟು ಉಬ್ಬಸದವರು ಒಂದೇ ಕಡೆ ಕುಳಿತರೆ ಕೆಮ್ಮಿನ ಕಛೇರಿಯೇ. ಪ್ರತಿಯೊಬ್ಬರಿಗೂ ಒಂದು ತೆಳುವಾದ ವರದಿ ಕೊಟ್ಟರು. ಅಕ್ಕ ಮೊದಲು ನೋಡಿದ್ದು ಅದಕ್ಕೆ ಹಾಕಿದ ಪಿನ್ನು. "ಒಂದು ಪಿನ್ನು ವಾರೆ ಇದೆ," ಅಂದಳು.

ಡಾಕ್ಟರಮ್ಮ ಸುತ್ತಿ ಬಳಸದೆ ಹೇಳಿದರು. ನಿಜವಾದ ಗುಳಿಗೆ ನುಂಗಿದವರಲ್ಲಿ ಎಷ್ಟು ಜನಕ್ಕೆ ಜೋರಾಗಿ ಬಂತೋ, ಎಣ್ಣೆ ನುಂಗಿದವರಲ್ಲೂ ಹೆಚ್ಚುಕಮ್ಮಿ ಅಷ್ಟೇ ಜನಕ್ಕೆ ಬಂತು. ಈ ಅಧ್ಯಯನದಲ್ಲಿ ಗುಳಿಗೆಯಿಂದ ಉಬ್ಬಸಕ್ಕೆ ಉಪಯೋಗ ಕಾಣಲಿಲ್ಲ. ವಿಟಮಿನ್ ಡಿ ತೀರಾ ಕಮ್ಮಿ ಇರುವವರು ಡಾಕ್ಟರ್ ಹೇಳಿದ ಹಾಗೆ ತೆಗೆದುಕೊಳ್ಳಲೇಬೇಕು, ಮೂಳೆಗೆ ಅದು ಬೇಕು. ಅಂಥವರ ಉಬ್ಬಸಕ್ಕೆ ಏನಾಗುತ್ತದೆ ಅಂತ ಇದರಿಂದ ಹೇಳಲು ಬರುವುದಿಲ್ಲ. ಒಂದು ಮಾತ್ರ ಎದ್ದು ಕಂಡಿತು: ಯಾವ ಬಾಟಲಿ ಸಿಕ್ಕಿದ್ದರೂ ಸರಿ, ದಿನಾ ತಪ್ಪದೆ, ಕಲಿಸಿದ ಹಾಗೆ ಪಂಪ್ ಎಳೆದವರು ಚೆನ್ನಾಗಿದ್ದರು. ಆಮೇಲೆ ಎಣಿಕೆ ಸಿಸ್ಟರ್ ಒಬ್ಬೊಬ್ಬರಿಗೂ ಒಂದು ಚೀಟಿ ಕೊಡುತ್ತ ಬಂದರು. ನನ್ನ ಬಾಟಲಿಯಲ್ಲಿ ಇದ್ದದ್ದು ವಿಟಮಿನ್ ಡಿ. ಅಕ್ಕನದ್ದರಲ್ಲಿ ಎಣ್ಣೆ.

ಇನ್ನೊಂದು ದಿನವಾಗಿದ್ದರೆ ನಾನು ಅವಳನ್ನು ಬಿಡುತ್ತಿರಲಿಲ್ಲ, ವರ್ಷವಿಡೀ ರೇಗಿಸುತ್ತಿದ್ದೆ. ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಬೀದಿಗೆಲ್ಲ ಹೇಳಿಕೊಂಡು ಬಂದಿದ್ದ ಗುಳಿಗೆ. ಅವಳು ಚೀಟಿಯನ್ನು ಮಡಿಚಿದಳು, ಮತ್ತೆ ಮಡಿಚಿದಳು, ಹದಿನಾರು ಪುಟ ಆಗುವಷ್ಟು ಮಡಿಚಿದಳು. ಆಮೇಲೆ ವರದಿ ತೆರೆದು ಒಂದು ಪುಟದ ಮೇಲೆ ಬೆರಳಿಟ್ಟು ನನಗೆ ತೋರಿಸಿದಳು. ಅಲ್ಲಿ ಹೀಗಿತ್ತು: "ಒಂದೇ ಮನೆಯ ಇಬ್ಬರ ಗುಳಿಗೆಗಳು ಬೆರೆತುಹೋಗಿದ್ದವು. ಅವರು ತಾವಾಗಿಯೇ ಬಂದು ತಿಳಿಸಿದರು. ಆ ಬಳಿಕ ಒಂದೇ ಮನೆಯಿಂದ ಬಂದ ಎಲ್ಲರನ್ನೂ ವಿಚಾರಿಸಿದಾಗ ಇನ್ನೂ ಎರಡು ಮನೆಗಳಲ್ಲಿ ಹೀಗಾಗಿದ್ದು ಗೊತ್ತಾಯಿತು."

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಬಸ್ ಡ್ರೈವರ್ ಎದ್ದು ನಿಂತ. ಗಟ್ಟಿ ಗಂಟಲು. "ಒಂದು ವರ್ಷ ನಮ್ಮನ್ನ ಓಡಾಡಿಸಿ, ಊದಿಸಿ, ರಕ್ತ ತಗೊಂಡು, ಈಗ ಏನೂ ಇಲ್ಲ ಅಂತೀರಾ? ನಾವೇನು ಕೆಲಸ ಇಲ್ದೋರಾ?" ಅಂದ. ಹಿಂದಿನಿಂದ ನಾಲ್ಕೈದು ಜನ ಹೌದು ಹೌದು ಅಂದರು. ಡಾಕ್ಟರಮ್ಮ ಉತ್ತರ ಹೇಳಲು ಬಾಯಿ ತೆರೆದರು. ಅದಕ್ಕೂ ಮೊದಲು ನನ್ನ ಪಕ್ಕದ ಕುರ್ಚಿ ಕಿರ್ರೆಂದಿತು. ಅಕ್ಕ ಎದ್ದು ನಿಂತಿದ್ದಳು.

ಗಿರಾಕಿ ಬಂದರೂ ತಲೆ ಎತ್ತದವಳು. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಏನೂ ಇಲ್ಲ ಅಂತ ಯಾಕಂತೀರಿ ಅಣ್ಣಾ," ಅಂದಳು. "ಈ ಗುಳಿಗೆಯಿಂದಾನೇ ನಾನು ನೆಟ್ಟಗಾದೆ ಅಂತ ನಾನು ಬೀದಿಗೆಲ್ಲ ಹೇಳ್ಕೊಂಡು ಬಂದೆ. ನಂದು ತಪ್ಪು ಅಂತ ಇವತ್ತು ಗೊತ್ತಾಯ್ತು. ನಾಳೆ ಮನೆಮನೆಗೆ ಹೋಗಿ ಹೇಳ್ತೀನಿ, ಪಂಪ್ ಸರಿಯಾಗಿ ಎಳೀರಿ ಅಂತಾನೂ ಹೇಳ್ತೀನಿ. ಇದು ಗೊತ್ತಾಗಿದ್ದು ಯಾರಿಂದ? ನೀವು ವರ್ಷ ಪೂರ್ತಿ ಊದಿದ್ರಲ್ಲ, ನಿಮ್ಮಿಂದ."

ಡ್ರೈವರ್ ಏನೋ ಹೇಳಲು ಹೋದ. ಅಕ್ಕ ನಿಲ್ಲಿಸಲಿಲ್ಲ. ಉಸಿರು ತೆಗೆದುಕೊಂಡಳು, ಪೂರ್ತಿ ಉಸಿರು.

"ಇದ್ರಲ್ಲಿ ಗುಳಿಗೆ ಬೆರೆಸಿದವರು ಅಂತ ಬರೆದಿದೆಯಲ್ಲ, ಅದು ನಾನು. ನಂಗೂ ಹೇಳೋಕೆ ಭಯ ಇತ್ತು. ಆದ್ರೆ ತಪ್ಪನ್ನ ತಪ್ಪು ಅಂತ ಅಚ್ಚು ಹಾಕಿದಾರೆ ನೋಡಿ, ಅದಕ್ಕೇ ಮಿಕ್ಕ ಪುಟಾನೂ ನಂಬಬಹುದು. ನಾನು ಮೂವತ್ತು ವರ್ಷದಿಂದ ಪುಸ್ತಕ ಹೊಲೀತಿದೀನಿ. ಇದು ಒಳ್ಳೇ ಪುಸ್ತಕ."

ಕುಳಿತುಕೊಂಡಳು. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಡ್ರೈವರ್ ಒಂದು ಗಳಿಗೆ ಹಾಗೇ ನಿಂತಿದ್ದು, ತನ್ನ ವರದಿಯ ಮೊದಲ ಪುಟ ತೆರೆದು ಕುಳಿತ. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು, ನಾನು ಅದನ್ನು ಒರೆಸಿಕೊಳ್ಳಲೂ ಇಲ್ಲ.

ನನ್ನ ಇನ್ನೊಂದು ಪಕ್ಕದಲ್ಲಿ ಕುಳಿತಿದ್ದ ಗುರುತಿಲ್ಲದ ಹೆಂಗಸು ನನ್ನ ಕಡೆ ಬಾಗಿ, "ಯಾರು ಇವರು?" ಅಂತ ಪಿಸುಗುಟ್ಟಿದಳು.

"ನಮ್ಮಕ್ಕ," ಅಂದೆ. ಹಿಂದಿನ ಸಾಲಿಗೂ ಕೇಳುವ ಹಾಗೆ ಅಂದೆ.